ಅಜ್ಜನ ಕಾರಿಗೆ ಜ್ವರ, ಬ್ಯಾಟರಿಗೆ ಬರೆ!

ಶೆಡ್ಡಿನಲ್ಲಿ ಅಜ್ಜನ ಕಾಲದ ಅಂಬಾಸಿಡರ್ ನಿಂತಿದೆ. ಅಥವಾ ದೊಡ್ಡಪ್ಪ ಸಾಲ ಮಾಡಿ ಕೊಂಡಿದ್ದ ಹಳೇ ಫಿಯೆಟ್. ಭಾನುವಾರ ಒಂದು ರೌಂಡ್ ಹೋಗಿ ಬರೋಣ ಅಂತ ಕೀ ತಿರುಗಿಸಿದರೆ ‘ಟಕ್’ ಅನ್ನೋ ಒಂದೇ ಸದ್ದು. ನಾಲ್ಕು ಜನ ತಳ್ಳಿದ ಮೇಲೆ ಅಂತೂ ಸ್ಟಾರ್ಟ್ ಆಗುತ್ತೆ. ಹತ್ತಿರದ ಗ್ಯಾರೇಜಿಗೆ ಒಯ್ದರೆ ಸಿಗೋ ತೀರ್ಪು ಒಂದೇ: “ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಬಿಡಿ.”

ಹೊಸದು ಹಾಕಿಸ್ತೀರಿ. ಮೂರು ವಾರ ಕಳೆದ ಮೇಲೆ ಮತ್ತೆ ಅದೇ ‘ಟಕ್’. ಈ ಸಲ ತೀರ್ಪು ಬದಲಾಗಿರುತ್ತೆ: “ಡೈನಮೋ ಹೋಗಿದೆ ಸಾರ್. ಇದರ ಸಾಮಾನು ಈಗ ಎಲ್ಲಿ ಸಿಗುತ್ತೆ? ಕಿತ್ತು ಆಲ್ಟರ್ನೇಟರ್ ಕೂರಿಸೋಣ.” ಅಷ್ಟರಲ್ಲಿ ಅಡುಗೆಮನೆಯಿಂದ ಇನ್ನೊಂದು ದನಿ: “ಸಾಕು ಮಾಡಿ, ಗುಜರಿಗೆ ಹಾಕಿ. ಆ ಜಾಗದಲ್ಲಿ ಎರಡು ಸ್ಕೂಟರ್ ನಿಲ್ಲಿಸಬಹುದು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋ ಗಾದೆ ನೆನಪಾಗೋದು ಇಲ್ಲೇ. ಬ್ಯಾಟರಿ ಖಾಲಿಯಾಗ್ತಿದೆ ಅನ್ನೋದು ಬರೀ ಲಕ್ಷಣ. ಕಾಯಿಲೆ ಸಡಿಲವಾದ ಬೆಲ್ಟಿನಲ್ಲಿರಬಹುದು, ತುಕ್ಕು ಹಿಡಿದ ಅರ್ತ್ ವೈರಿನಲ್ಲಿರಬಹುದು, ಸವೆದು ಹೋದ ಕಾರ್ಬನ್ ಬ್ರಷ್ಷಿನಲ್ಲಿರಬಹುದು. ಇವೆಲ್ಲ ಕಡಿಮೆ ಖರ್ಚಿನ ರಿಪೇರಿಗಳು. ಇವನ್ನು ನೋಡದೆ ದೊಡ್ಡ ಸಾಮಾನು ಬದಲಿಸಿದರೆ ದುಡ್ಡೂ ಹೋಗುತ್ತೆ, ಕಾರಿನ ಮೂಲ ಭಾಗವೂ ಹೋಗುತ್ತೆ, ತೊಂದರೆ ಮಾತ್ರ ಅಲ್ಲೇ ಇರುತ್ತೆ.

ಕೆಲವು ನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಡೈರಿ, ಒಂದು ಭಾನುವಾರದ ಬೆಳಗ್ಗೆ. ಇಷ್ಟಿದ್ದರೆ ಕಾಯಿಲೆ ಎಲ್ಲಿದೆ ಅಂತ ನೀವೇ ಕಂಡುಹಿಡಿಯಬಹುದು.

ಬಾನೆಟ್ ಕೆಳಗೆ ಏನು ನಡೀತಿದೆ?

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯೇ ನಮ್ಮ ಅಂಬಾಸಿಡರ್‌ನ ಮೂಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಶುರುವಾದ ಅದರ ತಯಾರಿಕೆ ನಿಂತದ್ದು 2014ರಲ್ಲಿ. ಹಳೆಯ ಅಂಬಾಸಿಡರ್, ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳಲ್ಲಿ ಈಗಿನ ಕಾರುಗಳ ಹಾಗೆ ಆಲ್ಟರ್ನೇಟರ್ ಇರಲಿಲ್ಲ, ಡೈನಮೋ ಇತ್ತು. ಈ ಲೇಖನ ಡೈನಮೋ ಇರುವ ಕಾರುಗಳ ಬಗ್ಗೆ.

ನಗರದಲ್ಲಿ ಸಂಪು, ಟ್ಯಾಂಕ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಬ್ಯಾಟರಿ ಅಂದ್ರೆ ಮಹಡಿ ಮೇಲಿನ ಟ್ಯಾಂಕ್. ಡೈನಮೋ ಅಂದ್ರೆ ನೀರೆತ್ತುವ ಮೋಟರ್. ಮೋಟರ್ ನಿಂತಾಗ ಟ್ಯಾಂಕಿನ ನೀರು ವಾಪಸ್ ಇಳಿಯದ ಹಾಗೆ ಪೈಪಿನಲ್ಲಿ ಒಂದು ವಾಲ್ವ್ ಇರುತ್ತಲ್ಲ, ಅದೇ ಕೆಲಸ ಮಾಡೋದು ಕಟೌಟ್. ಟ್ಯಾಂಕ್ ತುಂಬಿ ಚೆಲ್ಲದ ಹಾಗೆ ನೋಡಿಕೊಳ್ಳೋದು ರೆಗ್ಯುಲೇಟರ್. ಕಟೌಟ್, ರೆಗ್ಯುಲೇಟರ್ ಎರಡೂ ಸಾಮಾನ್ಯವಾಗಿ ಒಂದೇ ಕಪ್ಪು ಡಬ್ಬಿಯಲ್ಲಿರುತ್ತವೆ. ಎಂಜಿನ್ ಹಿಂದಿನ ಗೋಡೆಯ ಮೇಲೆ ಹುಡುಕಿ. ಗ್ಯಾರೇಜಿನವರು ಇಡೀ ಡಬ್ಬಿಯನ್ನೇ ‘ಕಟೌಟ್’ ಅಂತ ಕರೆಯೋದುಂಟು.

ಡೈನಮೋದ ಒಂದು ಸ್ವಭಾವ ತಿಳಿದಿರಬೇಕು. ಎಂಜಿನ್ ನಿಧಾನವಾಗಿ ಐಡಲ್‌ನಲ್ಲಿದ್ದಾಗ ಅದು ಬ್ಯಾಟರಿಗೆ ಏನೂ ಕೊಡೋದಿಲ್ಲ ಅಂತಲೇ ಹೇಳಬಹುದು. ವೇಗ ಏರಿದ ಮೇಲೆಯೇ ಕೆಲಸ ಶುರು. ಆಗಲೂ ಆ ಕಾಲದ ಲೂಕಾಸ್ ಡೈನಮೋಗಳ ಗರಿಷ್ಠ ಸಾಮರ್ಥ್ಯ ಸುಮಾರು 19ರಿಂದ 22 ಆಂಪಿಯರ್ ಅಷ್ಟೇ.

ಕೈ ಹಾಕುವ ಮೊದಲು

ಉಂಗುರ, ಬಳೆ, ಲೋಹದ ಪಟ್ಟಿಯ ವಾಚ್ ತೆಗೆದಿಡಿ. ದುಪಟ್ಟಾ, ಉದ್ದ ಕೂದಲು, ಸಡಿಲ ತೋಳು ಫ್ಯಾನಿಗೆ ಸಿಗದ ಹಾಗೆ ಕಟ್ಟಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಹತ್ತಿರ ಬೆಂಕಿಕಡ್ಡಿ, ಸಿಗರೇಟು ಬೇಡ.

ಇನ್ನೊಂದು ಮುಖ್ಯ ವಿಷಯ. ಬ್ರಿಟಿಷ್ ಮೂಲದ ಅನೇಕ ಹಳೇ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಜೋಡಿಸಿರುತ್ತಿದ್ದರು. ಈಗಿನ ಕಾರುಗಳಲ್ಲಿ ಮೈನಸ್ ಬಾಡಿಗೆ ಹೋಗುತ್ತೆ. ನಿಮ್ಮ ಕಾರಿನಲ್ಲಿ ಬಾಡಿಗೆ ಹೋಗಿರೋದು ಯಾವ ತುದಿ ಅಂತ ಮೊದಲು ನೋಡಿ, ಡೈರಿಯಲ್ಲಿ ದೊಡ್ಡದಾಗಿ ಬರೆದಿಡಿ. ಪ್ಲಸ್ ಅರ್ತ್ ಇರುವ ಕಾರಿಗೆ ಪಕ್ಕದ ಮನೆಯ ಹೊಸ ಕಾರಿನಿಂದ ಜಂಪ್ ಕೊಡಿಸೋ ಸಾಹಸ ಬೇಡ, ಚಾರ್ಜರ್ ಬಳಸಿ.

ಕೆಂಪು ದೀಪದ ಮಾತು

ಡ್ಯಾಶ್‌ಬೋರ್ಡಿನ ಕೆಂಪು ಇಗ್ನಿಷನ್ ದೀಪ ಡೈನಮೋ ಮತ್ತು ಬ್ಯಾಟರಿಯ ನಡುವೆ ತಕ್ಕಡಿಯ ಹಾಗೆ ಕೂತಿದೆ. ಎರಡೂ ಕಡೆ ವೋಲ್ಟೇಜ್ ಸಮವಾದರೆ ಆರುತ್ತೆ, ವ್ಯತ್ಯಾಸ ಇದ್ದರೆ ಉರಿಯುತ್ತೆ.

• ಕೀ ಹಾಕಿದಾಗ ಉರಿದು, ಎಂಜಿನ್ ವೇಗ ಏರಿದ ಮೇಲೆ ಆರಿದರೆ ಸರಿ. ಐಡಲ್‌ನಲ್ಲಿ ಮಿಣಮಿಣ ಅಂದರೆ ಗಾಬರಿ ಬೇಡ, ಡೈನಮೋ ಕಾರಿನಲ್ಲಿ ಅದು ಸಹಜ.

• ಕೀ ಹಾಕಿದಾಗ ಉರಿಯಲೇ ಇಲ್ಲ ಅಂದ್ರೆ ಬಲ್ಬ್ ಹೋಗಿರಬಹುದು, ವೈರ್ ಬಿಟ್ಟಿರಬಹುದು, ಡೈನಮೋದ ಬ್ರಷ್ ತಾಗದೆ ಇರಬಹುದು.

• ವೇಗ ಏರಿದರೂ ಜೋರಾಗಿ ಉರಿಯುತ್ತಲೇ ಇದ್ದರೆ ಚಾರ್ಜ್ ಆಗ್ತಿಲ್ಲ.

• ವೇಗದಲ್ಲಿ ಮಂಕಾಗಿ ಉರಿದರೆ ಕಟೌಟಿನ ಪಾಯಿಂಟ್ ಕೊಳೆಯಾಗಿದೆ, ಅಥವಾ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ.

• ಎಂಜಿನ್ ನಿಲ್ಲಿಸಿ ಕೀ ತೆಗೆದ ಮೇಲೂ ಉರಿದರೆ ತಡಮಾಡದೆ ಬ್ಯಾಟರಿಯ ಅರ್ತ್ ತುದಿ ಬಿಚ್ಚಿ. ಕಟೌಟ್ ಅಂಟಿಕೊಂಡಿದೆ, ಬ್ಯಾಟರಿಯ ಕರೆಂಟ್ ಡೈನಮೋ ಒಳಗೆ ವಾಪಸ್ ಹರೀತಿದೆ ಅಂತ ಅರ್ಥ. ವೈರ್ ಬಿಸಿಯಾಗಿ ಬೆಂಕಿ ಹತ್ತುವ ಅಪಾಯ ಇರೋದು ಇಲ್ಲೇ.

ದೀಪ ಆರಿತು ಅಂದ ಮಾತ್ರಕ್ಕೆ ಚಾರ್ಜ್ ಸಾಕಷ್ಟು ಆಗ್ತಿದೆ ಅಂತಲ್ಲ. ಎಷ್ಟು ಅಂತ ಹೇಳೋದು ಮೀಟರ್.

ಹಂತ 1: ಬ್ಯಾಟರಿ ಮತ್ತು ಅರ್ತ್

ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿಯನ್ನು ಬೆಳಗ್ಗೆ ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಮೇಲಿದ್ದರೆ ಪೂರ್ತಿ ತುಂಬಿದೆ. 12.4 ಅಂದ್ರೆ ಸುಮಾರು ಮುಕ್ಕಾಲು, 12.2 ಅಂದ್ರೆ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ನಿಮ್ಮದು 6 ವೋಲ್ಟಿನ ತೀರಾ ಹಳೇ ಕಾರಾದರೆ ಈ ಅಂಕಿಗಳನ್ನು ಅರ್ಧ ಮಾಡಿಕೊಳ್ಳಿ.

ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನಪಡಬಹುದು. ಕುಸಿಯಲಿಲ್ಲ, ಆದರೂ ಸೆಲ್ಫ್ ಎಳೀತಿಲ್ಲ ಅಂದ್ರೆ ತೊಂದರೆ ಕೇಬಲ್ಲಿನಲ್ಲಿ, ಅರ್ತಿನಲ್ಲಿ ಅಥವಾ ಸ್ಟಾರ್ಟರಿನಲ್ಲೇ ಇದೆ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆದಿದ್ದರೆ ಕೇಬಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ನೀರು ಸೆಲ್‌ಗಳ ಒಳಗೆ ಹೋಗಬಾರದು. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಅರ್ತ್ ತುದಿ ಮೊದಲು, ಹಾಕುವಾಗ ಅರ್ತ್ ಕೊನೆಗೆ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ತಂತಿಯ ಪಟ್ಟಿಯನ್ನೂ ನೋಡಿ. ಅದರ ತುದಿಗೆ ತುಕ್ಕು, ಪೇಂಟ್ ಕೂತಿದ್ದರೆ ಲೋಹ ಹೊಳೆಯುವ ತನಕ ಉಜ್ಜಿ.

ನಿಂತಲ್ಲೇ ಸೋರಿಕೆ ಇದೆಯಾ ನೋಡೋದಕ್ಕೆ ಅರ್ತ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿ ತುದಿಗೂ ನಡುವೆ ಒಂದು ಸಣ್ಣ 12 ವೋಲ್ಟ್ ಬಲ್ಬ್ ಹಿಡಿಯಿರಿ. ಕೀ ತೆಗೆದಿದ್ದು, ಬಾಗಿಲು ಮುಚ್ಚಿದ್ದರೂ ಬಲ್ಬ್ ಉರಿದರೆ ಎಲ್ಲೋ ಕರೆಂಟ್ ಸೋರ್ತಿದೆ. ಆಮೇಲೆ ಹಾಕಿಸಿದ ಹಾರ್ನ್, ಸ್ಟೀರಿಯೋ ವೈರುಗಳನ್ನು ಮೊದಲು ಪರೀಕ್ಷಿಸಿ.

ಹಂತ 2: ಬೆಲ್ಟ್

ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟಿನ ಉದ್ದ ಭಾಗದ ಮಧ್ಯೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ಬೆಲ್ಟಿನ ಪಕ್ಕಗಳು ಗಾಜಿನ ಹಾಗೆ ಹೊಳೀತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಕಿರ್ ಅಂದರೆ ಅದು ಜಾರ್ತಿದೆ. ಡೈನಮೋ ಎಷ್ಟೇ ಗಟ್ಟಿಯಾಗಿದ್ದರೂ ತಿರುಗದೆ ಏನು ಮಾಡೀತು? ಹಾಗಂತ ವೀಣೆ ತಂತಿಯ ಹಾಗೆ ಬಿಗಿಯಬೇಡಿ, ಡೈನಮೋ ಬೇರಿಂಗ್, ವಾಟರ್ ಪಂಪ್ ಎರಡೂ ಹಾಳಾಗುತ್ತವೆ.

ಹಂತ 3: ಓಡುವಾಗ ಎಷ್ಟು?

ಮೀಟರನ್ನು ಬ್ಯಾಟರಿಗೆ ಹಿಡಿದು ಎಂಜಿನ್ ವೇಗವನ್ನು ಸುಮಾರು 1500 ಆರ್‌ಪಿಎಂಗೆ ಏರಿಸಿ. ಮೀಟರ್ 13.5ರಿಂದ 14.5 ವೋಲ್ಟ್ ತೋರಿಸಿದರೆ ಚಾರ್ಜಿಂಗ್ ಚೆನ್ನಾಗಿದೆ, ಮುಂದಿನ ಹಂತಗಳು ಬೇಕಿಲ್ಲ. ನಿಂತಿದ್ದಾಗಿನ 12.4 ಹಾಗೇ ಉಳಿದರೆ ಅಥವಾ ಇಳೀತಾ ಹೋದರೆ ಚಾರ್ಜ್ ಆಗ್ತಿಲ್ಲ. 15 ದಾಟಿ ಅಲ್ಲೇ ನಿಂತರೆ ವಿಪರೀತ ಚಾರ್ಜ್. ಬ್ಯಾಟರಿ ನೀರು ಬೇಗ ಕಡಿಮೆಯಾಗ್ತಾ ಇರೋದು, ಬಲ್ಬ್‌ಗಳು ಮೇಲಿಂದ ಮೇಲೆ ಹೋಗೋದು ಅದರ ಗುರುತು.

ಇಲ್ಲೊಂದು ಎಚ್ಚರಿಕೆ. ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ಕೇಬಲ್ ಕಿತ್ತು “ನೋಡಿ, ನಿಲ್ಲಲಿಲ್ಲ, ಡೈನಮೋ ಸರಿ ಇದೆ” ಅನ್ನೋ ಹಳೇ ಪರೀಕ್ಷೆಗೆ ಒಪ್ಪಬೇಡಿ. ಬ್ಯಾಟರಿಯ ತಡೆ ಇಲ್ಲದೆ ವೋಲ್ಟೇಜ್ ಎಗರಿ ಬಲ್ಬ್ ಸುಡಬಹುದು. ಆಲ್ಟರ್ನೇಟರ್ ಇದ್ದರೆ ಅದರ ಡಯೋಡ್‌ಗಳೇ ಹೋಗಬಹುದು.

ಹಂತ 4: ಡೈನಮೋ ಒಂದನ್ನೇ ವಿಚಾರಿಸಿ

ಲೂಕಾಸ್ ಡೈನಮೋ ಹಿಂಭಾಗದಲ್ಲಿ ಎರಡು ಟರ್ಮಿನಲ್ ಇರುತ್ತವೆ. ದೊಡ್ಡದು ‘ಡಿ’, ಕರೆಂಟ್ ಹೊರಬರುವ ದಾರಿ. ಸಣ್ಣದು ‘ಎಫ್’, ಒಳಗಿನ ಫೀಲ್ಡ್ ಸುರುಳಿಯದು. ಎಂಜಿನ್ ನಿಲ್ಲಿಸಿ, ಎರಡೂ ವೈರ್ ಬಿಚ್ಚಿ, ಗುರುತು ಹಾಕಿಡಿ. ಒಂದು ತುಂಡು ತಂತಿಯಿಂದ ಡಿ ಮತ್ತು ಎಫ್ ಎರಡನ್ನೂ ಜೋಡಿಸಿ. ಮೀಟರಿನ ಒಂದು ಮೊನೆ ಈ ಜೋಡಣೆಗೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ. ಎಂಜಿನ್ ಸ್ಟಾರ್ಟ್ ಮಾಡಿ ನಿಧಾನವಾಗಿ ವೇಗ ಏರಿಸಿ. ಸುಮಾರು 1000 ಆರ್‌ಪಿಎಂ ಸಾಕು. ಈಗ ರೆಗ್ಯುಲೇಟರಿನ ಕಡಿವಾಣ ಇಲ್ಲ, ಹಾಗಾಗಿ 20 ವೋಲ್ಟ್ ದಾಟಿಸಬೇಡಿ.

• ವೋಲ್ಟೇಜ್ ಏರುಪೇರಿಲ್ಲದೆ ಸರಸರ ಏರಿದರೆ ಡೈನಮೋ ಚೆನ್ನಾಗಿದೆ. ಅದನ್ನು ಬದಲಿಸುವ ಮಾತೇ ಬೇಡ.

• ಏನೂ ಬರದಿದ್ದರೆ ಮೊದಲು ಬ್ರಷ್ ನೋಡಿ.

• ಅರ್ಧದಿಂದ 1 ವೋಲ್ಟ್ ಬಂದು ನಿಂತರೆ ಫೀಲ್ಡ್ ಸುರುಳಿಯ ಮೇಲೆ ಅನುಮಾನ.

• 4–5 ವೋಲ್ಟಿಗೇ ನಿಂತರೆ ಆರ್ಮೇಚರ್ ಮೇಲೆ ಅನುಮಾನ.

ಅನೇಕ ಅಮೆರಿಕನ್ ಹಳೇ ಕಾರುಗಳಲ್ಲಿ ಫೀಲ್ಡ್ ಜೋಡಣೆ ಬೇರೆ ಥರ ಇರುತ್ತೆ. ಅಂಥ ಕಾರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರದೇ ಮ್ಯಾನುಯಲ್ ನೋಡಿ.

ಬ್ರಷ್ ಸವೆದು ಸ್ಪ್ರಿಂಗಿನ ಹಿಡಿತ ಸಡಿಲವಾಗಿದ್ದರೆ ಹೊಸದು ಹಾಕಿಸಿ. ಫೀಲ್ಡ್ ಅಥವಾ ಆರ್ಮೇಚರ್ ಸುಟ್ಟಿದ್ದರೂ ಕಥೆ ಮುಗಿದಿಲ್ಲ. ಪಂಪ್‌ಸೆಟ್ ಮೋಟರ್ ರಿವೈಂಡ್ ಮಾಡುವವರು ನಮ್ಮ ತಾಲ್ಲೂಕು ಊರುಗಳಲ್ಲೂ ಇದ್ದಾರೆ. ತಾಮ್ರದ ತಂತಿ ಸುತ್ತೋ ಕೆಲಸ ಬಲ್ಲ ಒಳ್ಳೆ ಕೈಗೆ ಸಿಕ್ಕರೆ ಡೈನಮೋ ಮತ್ತೆ ಜೀವ ಪಡೆಯುತ್ತೆ.

ಹಂತ 5: ವೈರ್, ಆಮೇಲೆ ಕಪ್ಪು ಡಬ್ಬಿ

ಡೈನಮೋ ಸರಿ ಇದ್ದರೆ ವೈರುಗಳನ್ನು ಅದಕ್ಕೆ ಮತ್ತೆ ಜೋಡಿಸಿ, ಈ ಸಲ ಕಪ್ಪು ಡಬ್ಬಿಯ ಕಡೆಯ ಡಿ ಮತ್ತು ಎಫ್ ತುದಿಗಳನ್ನು ಬಿಚ್ಚಿ. ಅಲ್ಲಿ ಎರಡನ್ನೂ ಸೇರಿಸಿ ಅದೇ ಪರೀಕ್ಷೆ ಮಾಡಿ. ಡಬ್ಬಿಯ ‘ಎ’ ಟರ್ಮಿನಲ್ಲಿನಲ್ಲಿ ಬ್ಯಾಟರಿಯ ಕರೆಂಟ್ ಇರುತ್ತೆ, ತುದಿ ಅದಕ್ಕೆ ತಾಗದ ಹಾಗೆ ಎಚ್ಚರ. ಡೈನಮೋ ಹತ್ತಿರ ಬಂದ ವೋಲ್ಟೇಜ್ ಇಲ್ಲಿಗೆ ಬರಲಿಲ್ಲ ಅಂದ್ರೆ ನಡುವಿನ ವೈರ್ ಕಡಿದಿದೆ. ಇಲಿ ಕಡಿದ ವೈರಿಗೆ ಡೈನಮೋ ಬದಲಿಸೋದು ಬೇಡ ತಾನೇ?

ಎರಡೂ ಕಡೆ ಸರಿ ಇದ್ದರೆ ಎಲ್ಲ ವೈರ್ ಮೊದಲಿನಂತೆ ಜೋಡಿಸಿ, ಡಬ್ಬಿಯ ‘ಇ’ ಅರ್ತ್ ಗಟ್ಟಿಯಾಗಿದೆಯಾ ನೋಡಿ. ಈಗ ಡಿ ಟರ್ಮಿನಲ್ಲಿಗೂ ಬಾಡಿಗೂ ಮೀಟರ್ ಹಿಡಿದು ವೇಗ ಏರಿಸಿ. 12.7ರಿಂದ 13.3 ವೋಲ್ಟ್ ನಡುವೆ ‘ಟಿಕ್’ ಅಂತ ಕಟೌಟ್ ಮುಚ್ಚಿಕೊಳ್ಳಬೇಕು. ವೋಲ್ಟೇಜ್ ಇನ್ನೂ ಏರಿದರೂ ಟಿಕ್ ಇಲ್ಲ ಅಂದ್ರೆ ತೊಂದರೆ ಕಟೌಟಿನದು. ಡೈನಮೋ ಚೆನ್ನಾಗಿದ್ದೂ ವೋಲ್ಟೇಜ್ ಏರಲೇ ಇಲ್ಲ ಅಂದ್ರೆ ರೆಗ್ಯುಲೇಟರಿನ ಪಾಯಿಂಟ್ ಕೊಳೆಯಾಗಿದೆ. ಅರ್ತ್ ಕೇಬಲ್ ಬಿಚ್ಚಿ, ಅತಿ ನಯವಾದ ಸ್ಯಾಂಡ್‌ಪೇಪರಿನ ಸಣ್ಣ ಪಟ್ಟಿಯಿಂದ ಪಾಯಿಂಟುಗಳನ್ನು ಹಗುರವಾಗಿ ಉಜ್ಜಿ ಒರೆಸಿ. ಅಲ್ಲಿರುವ ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ. ಆ ಸೆಟ್ಟಿಂಗ್ ಅನುಭವಿ ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಹೆಪ್ಪು ಹಾಕೋದು

ಹಾಲು ಮೊಸರಾಗಬೇಕಾದರೆ ಒಂದು ಚಮಚ ಹಳೇ ಮೊಸರು ಬೇಕು. ಡೈನಮೋ ಕೂಡ ಹಾಗೇ. ಒಳಗಿನ ಕಬ್ಬಿಣದಲ್ಲಿ ಉಳಿದಿರುವ ಚೂರು ಕಾಂತತ್ವದಿಂದಲೇ ಮೊದಲ ಕರೆಂಟ್ ಹುಟ್ಟೋದು. ವರ್ಷಗಟ್ಟಲೆ ನಿಂತ ಕಾರಿನಲ್ಲಿ, ರಿವೈಂಡ್ ಆದ ಮೇಲೆ, ಅಥವಾ ಬ್ಯಾಟರಿಯ ಪ್ಲಸ್–ಮೈನಸ್ ಅದಲುಬದಲಾದಾಗ ಈ ಹೆಪ್ಪು ಹೋಗಿರಬಹುದು, ಇಲ್ಲವೇ ಉಲ್ಟಾ ಆಗಿರಬಹುದು.

ಲೂಕಾಸ್ ಡೈನಮೋ ಆದರೆ ಎಂಜಿನ್ ನಿಲ್ಲಿಸಿ, ಡೈನಮೋದ ಎಫ್ ವೈರ್ ಬಿಚ್ಚಿ. ಬ್ಯಾಟರಿಯ ಅರ್ತ್ ಅಲ್ಲದ ತುದಿಯಿಂದ ಒಂದು ವೈರ್ ತಂದು ಡೈನಮೋದ ಎಫ್ ಟರ್ಮಿನಲ್ಲಿಗೆ ಒಂದೆರಡು ಸೆಕೆಂಡ್ ತಾಗಿಸಿ ತೆಗೆಯಿರಿ. ಸಣ್ಣ ಕಿಡಿ ಕಾಣುತ್ತೆ, ಅಷ್ಟೇ. ಈ ಸಣ್ಣ ಕೆಲಸ ಮಾಡದೆ ‘ಸತ್ತಿದೆ’ ಅಂತ ಡೈನಮೋವನ್ನು ಗುಜರಿಗೆ ಕಳಿಸಬೇಡಿ. ಆಲ್ಟರ್ನೇಟರ್ ಮೇಲೆ ಇದನ್ನು ಯಾವತ್ತೂ ಪ್ರಯೋಗಿಸಬೇಡಿ.

ಎಲ್ಲ ಸರಿ ಇದ್ದೂ ಬ್ಯಾಟರಿ ಇಳಿದರೆ?

ಆಗ ಲೆಕ್ಕ ಹಾಕಬೇಕು. ರಾತ್ರಿ ಎರಡು 45 ವ್ಯಾಟ್ ಹೆಡ್‌ಲೈಟ್ ಅಂದ್ರೆ 90 ವ್ಯಾಟ್, 12 ವೋಲ್ಟಿನಲ್ಲಿ 7.5 ಆಂಪಿಯರ್. ಇಗ್ನಿಷನ್ ಕಾಯಿಲ್ಲಿಗೆ ಸುಮಾರು 3. ಹಿಂದಿನ ದೀಪ, ಮೀಟರ್ ದೀಪ ಸೇರಿ ಇನ್ನೊಂದೆರಡು. ಹತ್ತಿರ ಹತ್ತಿರ 12 ಆಂಪಿಯರ್. ಹೆದ್ದಾರಿಯಲ್ಲಿ ಡೈನಮೋ ಇದನ್ನು ಆರಾಮಾಗಿ ಹೊರುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಅಷ್ಟೂ ಬ್ಯಾಟರಿಯಿಂದಲೇ ಹೋಗುತ್ತೆ. ಅಂಥ ಅರ್ಧ ಗಂಟೆಗೆ ಸುಮಾರು 6 ಆಂಪಿಯರ್-ಅವರ್ ಖರ್ಚು.

ಇದರ ಮೇಲೆ ಬೆಳಕು ಸಾಲದು ಅಂತ 100 ವ್ಯಾಟಿನ ಎರಡು ಬಲ್ಬ್ ಹಾಕಿಸಿದರೆ ಹೆಡ್‌ಲೈಟಿಗೇ 16–17 ಆಂಪಿಯರ್ ಬೇಕು. ಉಳಿದದ್ದು ಸೇರಿದರೆ ಡೈನಮೋದ ಇಡೀ ಶಕ್ತಿ ಮುಗೀತು, ಬ್ಯಾಟರಿಗೆ ಉಳಿಯೋದು ಏನೂ ಇಲ್ಲ. ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ, ಆದಾಯಕ್ಕಿಂತ ಖರ್ಚು ಜಾಸ್ತಿ ಅಷ್ಟೇ. ಹಿಂದಿನ ದೀಪ, ಮೀಟರ್ ದೀಪಗಳಿಗೆ ಎಲ್‌ಇಡಿ ಹಾಕಿಸಿದರೆ ಸ್ವಲ್ಪ ಹೊರೆ ಇಳಿಯುತ್ತೆ. ಪ್ಲಸ್ ಅರ್ತ್ ಕಾರಾದರೆ ಅದಕ್ಕೆ ಹೊಂದುವ ಎಲ್‌ಇಡಿಯನ್ನೇ ಕೇಳಿ ತನ್ನಿ.

ಹಾಗಾದರೆ ಆಲ್ಟರ್ನೇಟರ್?

ದಿನಾ ಆಫೀಸಿಗೆ, ರಾತ್ರಿ ಟ್ರಾಫಿಕ್ಕಿನಲ್ಲಿ ಇದೇ ಕಾರು ಓಡಿಸೋರಿಗೆ ಆಲ್ಟರ್ನೇಟರ್ ನ್ಯಾಯವಾದ ಆಯ್ಕೆ. ಐಡಲ್‌ನಲ್ಲೂ ಚಾರ್ಜ್ ಮಾಡುತ್ತೆ. ಆದರೆ ಪ್ಲಸ್ ಅರ್ತ್ ಇದ್ದರೆ ಸಾಮಾನ್ಯವಾಗಿ ಮೈನಸ್‌ಗೆ ಬದಲಿಸಬೇಕಾಗುತ್ತೆ. ಹೆಚ್ಚಿನ ಕರೆಂಟಿಗೆ ತಕ್ಕ ದಪ್ಪ ವೈರ್, ಫ್ಯೂಸ್ ಬೇಕು. ಐವತ್ತು ವರ್ಷ ಹಳೇ ವೈರಿನಲ್ಲೇ ಹರಿಸಿದರೆ ವೈರ್ ಕರಗುತ್ತೆ.

ಭಾನುವಾರದ ಸವಾರಿಗೆ ಮಾತ್ರ ಆದರೆ ಡೈನಮೋ ಸಾಕು. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲರೂಪದಲ್ಲಿರುವ ಖಾಸಗಿ ವಾಹನಕ್ಕೆ ‘ವಿಂಟೇಜ್’ ನೋಂದಣಿ ಸಿಗುತ್ತೆ. ಹಳೇ ಕಾರಿನ ಬೆಲೆ ಇರೋದೇ ಅದರ ಮೂಲರೂಪದಲ್ಲಿ ಅಂತ ಈ ನಿಯಮವೂ ಒಪ್ಪಿದ ಹಾಗಾಯ್ತು. ಆಲ್ಟರ್ನೇಟರ್ ಹಾಕಿಸಿದರೂ ಬಿಚ್ಚಿದ ಡೈನಮೋ, ಕಪ್ಪು ಡಬ್ಬಿ, ಬ್ರಾಕೆಟ್ಟುಗಳನ್ನು ಒರೆಸಿ, ಬಟ್ಟೆ ಸುತ್ತಿ ಅಟ್ಟದ ಮೇಲಿಡಿ. ನಾಳೆ ನಿಮ್ಮ ಮಕ್ಕಳಿಗೆ ವಾಪಸ್ ಹಾಕೋ ಮನಸ್ಸಾಗಬಹುದು.

ಎಲೆಕ್ಟ್ರಿಷಿಯನ್ ಹತ್ತಿರ ಹೋಗುವಾಗ

ಕಟೌಟ್ ಸೆಟ್ ಮಾಡಬಲ್ಲ ಹಿರಿಯ ಕೈಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ, ಜಿಲ್ಲಾ ಕೇಂದ್ರಗಳ ಹಳೇ ಗ್ಯಾರೇಜುಗಳಲ್ಲಿ ಹುಡುಕಿದರೆ ಸಿಗ್ತಾರೆ. ಅವರ ಮುಂದೆ “ಬ್ಯಾಟರಿ ನಿಲ್ತಿಲ್ಲ” ಅಂತಷ್ಟೇ ಹೇಳಬೇಡಿ. ಡೈರಿ ತೆಗೆದು ಹೀಗೆ ಹೇಳಿ: “ಅಣ್ಣಾ, ಬೆಳಗ್ಗೆ ಬ್ಯಾಟರಿ 12.6 ಇತ್ತು. ಬೆಲ್ಟ್ ಸರಿ ಇದೆ. ಡಿ, ಎಫ್ ಸೇರಿಸಿದ್ರೆ ಡೈನಮೋ ಚೆನ್ನಾಗಿ ಏರುತ್ತೆ. ಕಟೌಟ್ ಟಿಕ್ ಅನ್ನಲ್ಲ.” ಅವರ ಅರ್ಧ ದಿನದ ಕೆಲಸ ಮುಗಿದಿರುತ್ತೆ. ಬೇಡದ ಸಾಮಾನು ಬದಲಿಸುವ ಪ್ರಶ್ನೆಯೂ ಬರೋದಿಲ್ಲ.

ಆಮೇಲೆ ಉಳಿಯೋದು ಮಾಮೂಲಿ ಆರೈಕೆ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ, ಶೆಡ್ಡಿನ ಬಾಗಿಲಲ್ಲಿ ಐಡಲ್ ಬಿಟ್ಟರೆ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡಿ. ಡೈನಮೋ ಹಿಂಬದಿಯಲ್ಲಿ ಎಣ್ಣೆ ತೂತು ಇದ್ದರೆ ಸರ್ವೀಸಿಗೊಮ್ಮೆ ಎರಡೇ ಎರಡು ಹನಿ ಎಂಜಿನ್ ಆಯಿಲ್ ಬಿಡಿ, ಜಾಸ್ತಿಯಾದರೆ ಬ್ರಷ್ಷಿಗೆ ಅಂಟುತ್ತೆ. ಊರಿಗೆ ಹೋಗಿ ತಿಂಗಳು ಕಳೆಯೋದಾದರೆ ಬ್ಯಾಟರಿಯ ಅರ್ತ್ ತುದಿ ಬಿಚ್ಚಿಟ್ಟು ಹೋಗಿ. ಡೈರಿಯನ್ನು ಮಾತ್ರ ಗ್ಲೋವ್ ಬಾಕ್ಸಿನಲ್ಲೇ ಬಿಡಿ.